ಮರಿಗಿಂತ ಮೊದಲು ತಾಯಿನಾಯಿ ನೋಡಿ
ತುಮಕೂರಿನ ಗೆಳೆಯರೇ, ನಾಯಿಮರಿ ಆರಿಸೋಕೆ ಹೋದರೆ ಮೊದಲು ಅದರ ತಾಯಿಯನ್ನು ನೋಡಿ. ಅದು ನಿಮ್ಮ ಕೈ ಮೂಸಿ ಬಾಲ ಆಡಿಸಿದರೆ ಒಳ್ಳೆಯ ಲಕ್ಷಣ. ಮೂಲೆ ಸೇರಿ ಗುರ್ ಅಂದರೆ ಸ್ವಲ್ಪ ಯೋಚಿಸಿ. ಅಂಜುಬುರುಕತನ ಮರಿಗೆ ಹುಟ್ಟಿನಿಂದಲೂ ಬರುತ್ತದೆ, ಮೊದಲ 8 ವಾರ ತಾಯಿಯನ್ನು ನೋಡಿ ಕಲಿಯುವುದರಿಂದಲೂ ಬರುತ್ತದೆ. ತಾಯಿಯನ್ನು ನೋಡಿದರೆ ಮರಿ ಬೆಳೆದ ಮೇಲೆ ಎಷ್ಟು ದೊಡ್ಡದಾಗಬಹುದು ಅನ್ನೋದೂ ಅಂದಾಜಾಗುತ್ತದೆ, ಬಾಡಿಗೆ ಮನೆಯವರಿಗೆ ಅದೇ ಮುಖ್ಯ ಅಲ್ವಾ? ಮರಿ ಹಾಕಿ ವಾರವೂ ಆಗದಿದ್ದರೆ ಈ ಲೆಕ್ಕ ನಡೆಯಲ್ಲ. ಆಗ ಎಂಥ ಸಾಧು ನಾಯಿಯೂ ಹಲ್ಲು ತೋರಿಸಬಹುದು. ಬೀದಿಯಲ್ಲಿ ಸಿಕ್ಕ ಒಂಟಿ ಮರಿಯಾದರೆ ಪಕ್ಕದಲ್ಲಿ ಕೀಗೊಂಚಲು ಬೀಳಿಸಿ ನೋಡಿ. ಬೆಚ್ಚಿದರೂ ಮತ್ತೆ ಮೂಸೋಕೆ ಬಂದರೆ ಸಾಕು. ಚಳಿನಾಡಿನ ಹಸ್ಕಿ ತಳಿ ಮಾತ್ರ ಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಆ ದಪ್ಪ ತುಪ್ಪಳ ಆಗಿಬರಲ್ಲ.