ಪಕ್ಕದ ಮನೆಯ ಕಾಟ ಮತ್ತು ಕೌನ್ಸಿಲ್: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ನಾವು ಇಲ್ಲಿಗೆ ಬಂದ ಮೊದಲ ವರ್ಷ ಬಾಡಿಗೆಗೆ ಹಿಡಿದದ್ದು ಒಂದು ಸಾಲುಮನೆ. ಪಕ್ಕದವರಿಗೂ ನಮಗೂ ಒಂದೇ ಗೋಡೆ. ಆ ಗೋಡೆಯ ಆಚೆ ವಾರಕ್ಕೆ ಮೂರ್ನಾಲ್ಕು ರಾತ್ರಿ ಹಾಡು ಶುರುವಾಗುತ್ತಿತ್ತು. ಹಾಡೇನೂ ಕೇಳುತ್ತಿರಲಿಲ್ಲ, ಬರೀ ಧಬ್ ಧಬ್ ಸದ್ದು. ಮಲಗಿದರೆ ದಿಂಬಿನೊಳಗೇ ಯಾರೋ ಗುದ್ದಿದ ಹಾಗೆ. ಮಗಳಿಗೆ ಆಗ ಐದು ತಿಂಗಳು. "ಹೋಗ್ಲಿ ಬಿಡು, ಪರದೇಶ, ನಮಗ್ಯಾಕೆ ಇಲ್ಲದ ರಗಳೆ" ಅಂದುಕೊಂಡೇ ಏಳು ತಿಂಗಳು ಸಹಿಸಿದೆವು. ಹೊಸದಾಗಿ ಬಂದವರು ಈಗ ಫೋನ್ ಮಾಡಿ ಇಂಥದ್ದೇ ಕಷ್ಟ ಹೇಳಿದರೆ ನಾನು ಮೊದಲು ಕೇಳೋದು ಒಂದೇ ಮಾತು: ಬರೆದಿಟ್ಟಿದ್ದೀರಾ?

ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ನಿಮ್ಮ ಮನಸ್ಸಿನಲ್ಲಿರುವ ಭಯದ ವಿಷಯ. "ದೂರು ಕೊಟ್ಟರೆ ವೀಸಾಗೆ ತೊಂದರೆ ಆಗುತ್ತಾ?" ಆಗಲ್ಲ. ನಿಮ್ಮ ವೀಸಾದಲ್ಲಿ ಸರ್ಕಾರದ ಹಣ ತೆಗೆದುಕೊಳ್ಳಬಾರದು ಎಂಬ ಷರತ್ತು ಇರುತ್ತಲ್ವಾ, ಅದು ಭತ್ಯೆಗಳಿಗೆ, ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ, ನಮ್ಮ ನಗರಸಭೆಯ ಹಾಗೆ) ಕೊಡುವ ಬಾಡಿಗೆ ಮನೆಗೆ, ಮನೆ ಕಳೆದುಕೊಂಡವರಿಗೆ ಕೊಡುವ ನೆರವಿಗೆ ಸಂಬಂಧಿಸಿದ್ದು. ಪಕ್ಕದವರ ಗಲಾಟೆಯ ಬಗ್ಗೆ ದೂರು ಕೊಡುವುದು ಅದರಲ್ಲಿ ಬರುವುದಿಲ್ಲ. ಪೊಲೀಸರಿಗೆ ಫೋನ್ ಮಾಡುವುದೂ ಬರುವುದಿಲ್ಲ. ತಿಂಗಳು ತಿಂಗಳು ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತೀರಿ, ಈ ಸೇವೆ ನಿಮ್ಮದೂ ಹೌದು.

ಇಲ್ಲಿ ಇದಕ್ಕೆಲ್ಲ ಇರುವ ಹೆಸರು ಆ್ಯಂಟಿ ಸೋಶಿಯಲ್ ಬಿಹೇವಿಯರ್, ಎಲ್ಲರ ಬಾಯಲ್ಲೂ ಎಎಸ್‌ಬಿ. ರಾತ್ರಿಯೆಲ್ಲ ಹಾಡು, ಬೀದಿಯಲ್ಲಿ ಕುಡಿದು ಕೂಗಾಟ, ಬಾಗಿಲು ಬಡಿದು ಓಡಿಹೋಗುವುದು, ಕಿಟಕಿಗೆ ಮೊಟ್ಟೆ ಎಸೆಯುವುದು, ಕಸ ತಂದು ಸುರಿಯುವುದು, ನಾಯಿ ಬಿಟ್ಟು ಹೆದರಿಸುವುದು, ಎಲ್ಲ ಇದರೊಳಗೇ. ಮಗು ಅಳುವುದು, ಮೇಲಿನ ಮನೆಯವರ ಹೆಜ್ಜೆ ಸದ್ದು, ಹಗಲಲ್ಲಿ ವಾಷಿಂಗ್ ಮೆಷಿನ್ ಇವೆಲ್ಲ ಸಂಸಾರದ ಸದ್ದು. ಇದಕ್ಕೆ ಕೌನ್ಸಿಲ್ ಕೈ ಹಾಕುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಗೊಂದಲ ಮಾಡಿಕೊಳ್ಳಬೇಡಿ. ನಿಮ್ಮ ಬಣ್ಣ, ದೇಶ, ಧರ್ಮ ಹಿಡಿದು ಬೈದರೆ ಅದು ಹೇಟ್ ಕ್ರೈಮ್ ಆಗಬಹುದು, ಅದನ್ನು ಪೊಲೀಸರಿಗೆ ಹೇಳಬೇಕು. ದ್ವೇಷದಿಂದ ಮಾಡಿದ್ದು ಅಂತ ನಿಮಗೆ ಅನ್ನಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ನಮ್ಮವರು ಎಷ್ಟೋ ಸಲ "ಸುಮ್ನೆ ಹುಡುಗರು ಏನೋ ಅಂದರು" ಎಂದು ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಈಗಿಂದೀಗ ಅಪಾಯ ಇದ್ದರೆ 999, ಇಲ್ಲದಿದ್ದರೆ 101.

ಉಳಿದದ್ದಕ್ಕೆ ಕೌನ್ಸಿಲ್. ಕೆಲವು ಕಡೆ ಎರಡು ಕೌನ್ಸಿಲ್ ಇರುತ್ತವೆ, ಕೌಂಟಿ ಎಂಬ ದೊಡ್ಡ ಪ್ರದೇಶದ್ದೊಂದು, ಅದರೊಳಗಿನ ಡಿಸ್ಟ್ರಿಕ್ಟ್ ಅಥವಾ ಬರೋ (borough) ಎಂಬ ಚಿಕ್ಕ ಭಾಗದ್ದೊಂದು. ಸದ್ದಿನ ದೂರು ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್‌ಗೆ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮದು ಯಾವುದು ಅಂತ ಬರುತ್ತೆ. ಕಾಟ ಕೊಡುವವರು ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮನೆಯಲ್ಲಿದ್ದರೆ ಆ ಸಂಸ್ಥೆಗೂ ಬರೆಯಿರಿ. ತಮ್ಮ ಬಾಡಿಗೆದಾರರ ಬಗ್ಗೆ ಬಂದ ದೂರನ್ನು ಅವರು ನೋಡಲೇಬೇಕು.

ಈಗ ಬರೆದಿಡುವ ವಿಷಯ. ನಾನು ಮೊದಲ ಸಲ ಕೌನ್ಸಿಲ್‌ಗೆ ಫೋನ್ ಮಾಡಿದಾಗ ಆ ಕಡೆಯ ಹೆಣ್ಣುಮಗಳು ಒಂದು ರೆಫರೆನ್ಸ್ ನಂಬರ್ ಹೇಳಿದರು. ಮಗು ಅಳುತ್ತಿತ್ತು, ನಾನು ಬರೆದುಕೊಳ್ಳಲಿಲ್ಲ. ಆರು ವಾರ ಬಿಟ್ಟು ಮತ್ತೆ ಮಾಡಿದರೆ, ನಿಮ್ಮ ಹೆಸರಿನಲ್ಲಿ ಏನೂ ಕಾಣ್ತಾ ಇಲ್ಲ ಅಂದರು. ಮೊದಲಿಂದ ಶುರು. ಆಮೇಲೆ ಅವರು ಕಳಿಸಿದ್ದು ಡೈರಿ ಶೀಟ್, ಖಾಲಿ ಕಾಲಮ್‌ಗಳಿರುವ ನಾಲ್ಕು ಹಾಳೆ. ಎರಡು ವಾರ ತುಂಬಿ ಕಳಿಸಬೇಕು. ನಾನು ಪ್ರತಿ ಸಾಲಿನಲ್ಲೂ "ತುಂಬಾ ಜೋರು ಸದ್ದು" ಅಂತ ಬರೆದೆ. ಕೌನ್ಸಿಲಿನಲ್ಲಿ ಸದ್ದಿನ ದೂರು ನೋಡುವ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗದ ಆಫೀಸರ್ ಒಬ್ಬರು ಫೋನ್ ಮಾಡಿ, ಇದರಿಂದ ನನಗೆ ಏನೂ ಮಾಡಕ್ಕಾಗಲ್ಲ ಅಂತ ಮೃದುವಾಗಿಯೇ ಹೇಳಿ, ಹೇಗೆ ಬರೆಯಬೇಕು ಅಂತ ತಿಳಿಸಿಕೊಟ್ಟರು. ಮುಂದಿನ ಹಾಳೆಯಲ್ಲಿ ನಾನು ಬರೆದ ಒಂದು ಸಾಲು ಇದು:

"ಶುಕ್ರವಾರ. ರಾತ್ರಿ 11:40ರಿಂದ 2:15. ಹಿಂದಿನ ಮಲಗುವ ಕೋಣೆ, ಕಿಟಕಿ ಮುಚ್ಚಿತ್ತು. ಬೇಸ್ ಸದ್ದಿಗೆ ಮೇಜಿನ ಮೇಲಿನ ಲೋಟ ಅಲುಗುತ್ತಿತ್ತು. ಮಗು ಎರಡು ಸಲ ಎದ್ದಿತು. ಹೆಂಡತಿ ಕೆಳಗೆ ಸೋಫಾದಲ್ಲಿ ಮಲಗಿದಳು. ನನಗೆ ಬೆಳಿಗ್ಗೆ 6ಕ್ಕೆ ಶಿಫ್ಟ್."

ಯಾವಾಗ ಶುರು, ಯಾವಾಗ ಮುಗಿಯಿತು, ಯಾವ ಕೋಣೆ, ಏನು ಕೇಳಿಸಿತು, ನಿಮಗೆ ಏನಾಯಿತು. ಇಷ್ಟು ಇದ್ದರೆ ಆಫೀಸರ್ ಕೈಯಲ್ಲಿ ಏನಾದರೂ ಇರುತ್ತೆ. ಈಗ ಎಷ್ಟೋ ಕೌನ್ಸಿಲ್‌ಗಳು ಫೋನಿನಲ್ಲೇ ಸದ್ದು ರೆಕಾರ್ಡ್ ಮಾಡಿ ಕಳಿಸುವ ಆ್ಯಪ್ ಇಟ್ಟಿವೆ. ಆದರೂ ತಾರೀಖು, ರೆಫರೆನ್ಸ್ ನಂಬರ್, ಮಾತಾಡಿದವರ ಹೆಸರು ನಿಮ್ಮ ಹತ್ತಿರವೂ ಒಂದು ಕಡೆ ಇರಲಿ. ಫೋನ್ ಮಾಡಿದರೆ ಆಮೇಲೆ ಒಂದು ಇಮೇಲ್ ಹಾಕಿಬಿಡಿ, ದಾಖಲೆ ಉಳಿಯುತ್ತೆ.

ಕೌನ್ಸಿಲ್ ಕೈಯಲ್ಲಿ ಏನೇನಿದೆ? ಸಾಮಾನ್ಯವಾಗಿ ಶುರುವಾಗುವುದು ಒಂದು ಕಾಗದದಿಂದ. ದೂರು ಕೊಟ್ಟವರ ಹೆಸರು ಅದರಲ್ಲಿ ಹಾಕುವುದಿಲ್ಲ, ಆದರೆ ಒಂದೇ ಗೋಡೆಯ ಮನೆಯಾದರೆ ಅವರಿಗೆ ಊಹೆ ಆಗುತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಕೆಲವು ಕಡೆ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಮೀಡಿಯೇಶನ್ ಇದೆ. ಬೆದರಿಕೆ ಇಲ್ಲದ ಜಗಳಕ್ಕೆ ಇದು ನಿಜವಾಗಿ ಒಳ್ಳೆಯದು. ಬೆದರಿಕೆ ಇದ್ದರೆ ಒಪ್ಪಬೇಡಿ. ಬೇಡ ಅನ್ನುವ ಹಕ್ಕು ನಿಮಗಿದೆ.

ಅದಕ್ಕೂ ಬಗ್ಗದಿದ್ದರೆ ಕಾನೂನು ಬರುತ್ತೆ. 1990ರ ಪರಿಸರ ರಕ್ಷಣಾ ಕಾಯ್ದೆಯ ಪ್ರಕಾರ ಸದ್ದಿನ ದೂರನ್ನು ಕೌನ್ಸಿಲ್ ವಿಚಾರಿಸಲೇಬೇಕು. ಉಪದ್ರವ ಅಂತ ಖಚಿತವಾದರೆ, ಅದನ್ನು ನಿಲ್ಲಿಸಿ ಅಂತ ಹೇಳುವ ಅಬೇಟ್‌ಮೆಂಟ್ ನೋಟಿಸ್, ಅದನ್ನು ಮೀರಿದರೆ ಕೋರ್ಟು. 2014ರಲ್ಲಿ ಬಂದ ಎಎಸ್‌ಬಿ ಕಾಯ್ದೆ ಇನ್ನೂ ಕೆಲವು ಅಸ್ತ್ರ ಕೊಟ್ಟಿದೆ. ಜಾಸ್ತಿ ಬಳಸುವುದು ಕಮ್ಯುನಿಟಿ ಪ್ರೊಟೆಕ್ಷನ್ ನೋಟಿಸ್: ಮೊದಲು ಲಿಖಿತ ಎಚ್ಚರಿಕೆ, ನಿಲ್ಲದಿದ್ದರೆ ನೋಟಿಸ್, ಅದನ್ನೂ ಮೀರಿದರೆ ಕೋರ್ಟಿನಲ್ಲಿ ವ್ಯಕ್ತಿಗೆ 2,500 ಪೌಂಡ್ ತನಕ ದಂಡ. ತುಂಬಾ ಕೆಟ್ಟ ಮನೆಗಳನ್ನು ಕೋರ್ಟಿನ ಆದೇಶದಿಂದ ಮೂರು ತಿಂಗಳ ತನಕ ಮುಚ್ಚಿಸುವುದೂ ಇದೆ. ನಮ್ಮ ಪಕ್ಕದವರಿಗೆ ಲಿಖಿತ ಎಚ್ಚರಿಕೆಯೇ ಸಾಕಾಯಿತು. ಅಲ್ಲಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ನಿಧಾನ, ನಿಜ.

ಕೌನ್ಸಿಲ್ ಕಿವಿಗೇ ಹಾಕಿಕೊಳ್ಳದಿದ್ದರೆ? ಇದಕ್ಕೆ ಇರುವುದು ಎಎಸ್‌ಬಿ ಕೇಸ್ ರಿವ್ಯೂ. ಮೊದಲು ಇದರ ಹೆಸರು ಕಮ್ಯುನಿಟಿ ಟ್ರಿಗರ್. ಇದು ಬಂದ ಹಿನ್ನೆಲೆ ಎಲ್ಲರಿಗೂ ಗೊತ್ತಿರಬೇಕು. ಲೆಸ್ಟರ್‌ಶೈರ್‌ನ ಬಾರ್ವೆಲ್ ಎಂಬ ಊರಿನಲ್ಲಿ ಫಿಯೋನಾ ಪಿಲ್ಕಿಂಗ್ಟನ್ ಎಂಬ ತಾಯಿ, ಅಂಗವಿಕಲ ಮಗಳು ಫ್ರಾನ್ಸೆಕಾ ಇದ್ದರು. ಬೀದಿಯ ಹುಡುಗರು ವರ್ಷಗಟ್ಟಲೆ ಅವರನ್ನು ಕಾಡಿದರು. ಆ ತಾಯಿ ಮೂವತ್ತಕ್ಕೂ ಹೆಚ್ಚು ಸಲ ಪೊಲೀಸರಿಗೆ ಹೇಳಿಕೊಂಡರು. ಪ್ರತಿ ದೂರನ್ನೂ ಬಿಡಿಬಿಡಿಯಾಗಿ, ಸಣ್ಣದು ಅಂತ ನೋಡಲಾಯಿತು. 2007ರಲ್ಲಿ ಆ ತಾಯಿ ಮಗಳೊಂದಿಗೆ ಪ್ರಾಣ ಬಿಟ್ಟರು. 2009ರ ವಿಚಾರಣೆಯಲ್ಲಿ ಪೊಲೀಸರೂ ಕೌನ್ಸಿಲ್‌ಗಳೂ ಎಡವಿದ್ದು ಹೊರಬಂತು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಎದೆ ಭಾರವಾಗುತ್ತೆ.

ಈಗ ಆರು ತಿಂಗಳಲ್ಲಿ ಮೂರು ಸಲ ದೂರು ಕೊಟ್ಟೂ ಕಾಟ ನಿಲ್ಲದಿದ್ದರೆ ನೀವು ಕೇಸ್ ರಿವ್ಯೂ ಕೇಳಬಹುದು. ಇದಕ್ಕಿಂತ ಕಷ್ಟದ ಮಿತಿಯನ್ನು ಯಾವ ಕೌನ್ಸಿಲ್ ಕೂಡ ಇಡುವಂತಿಲ್ಲ. ಕಾಟ ಆದ ಒಂದು ತಿಂಗಳೊಳಗೆ ದೂರು ಕೊಟ್ಟಿರಬೇಕು, ನೆನಪಿಡಿ. ಕೌನ್ಸಿಲ್, ಪೊಲೀಸ್, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕಡೆಯವರು, ಹೌಸಿಂಗ್ ಸಂಸ್ಥೆ ಎಲ್ಲರೂ ನಿಮ್ಮ ಕಡತ ಮುಂದಿಟ್ಟುಕೊಂಡು ಏನು ಮಾಡಿದ್ದೇವೆ, ಏನು ಬಿಟ್ಟಿದ್ದೇವೆ ಅಂತ ನೋಡಬೇಕು, ನಿಮಗೆ ಉತ್ತರ ಕೊಡಬೇಕು. ನಿಮ್ಮ ಒಪ್ಪಿಗೆಯಿಂದ ಬೇರೆಯವರೂ ಅರ್ಜಿ ಹಾಕಬಹುದು. ಡೈರಿ, ನಂಬರ್ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ದಾಖಲೆ ಇಲ್ಲದ ಮೂರು ದೂರನ್ನು ಯಾರೂ ಎಣಿಸುವುದಿಲ್ಲ.

ಇನ್ನೊಂದು ದಾರಿ ನಿಮ್ಮ ವಾರ್ಡಿನ ಕೌನ್ಸಿಲರ್, ಅಂದರೆ ಜನ ಮತ ಹಾಕಿ ಆರಿಸಿದ ಕೌನ್ಸಿಲ್ ಸದಸ್ಯರು. ಭಾರತದ ಪಾಸ್‌ಪೋರ್ಟ್ ಇದ್ದವರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ಹೆಸರು ನೋಂದಾಯಿಸಿ ಮತ ಹಾಕಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕೌನ್ಸಿಲರ್‌ಗೆ ಒಂದು ಇಮೇಲ್ ಹಾಕಿ, ರೆಫರೆನ್ಸ್ ನಂಬರ್ ಕೊಡಿ. ಕೌನ್ಸಿಲಿನ ದೂರು ವಿಭಾಗದಲ್ಲೂ ನ್ಯಾಯ ಸಿಗದಿದ್ದರೆ ಲೋಕಲ್ ಗವರ್ನ್‌ಮೆಂಟ್ ಆ್ಯಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್ (ಕೌನ್ಸಿಲ್ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ, ಖರ್ಚಿಲ್ಲ.

ಕಾಟ ತಿಂದವರಿಗೆ ಸಿಗುವ ಆಸರೆಯ ಬಗ್ಗೆ ನಮ್ಮವರು ಕೇಳುವುದೇ ಕಡಿಮೆ. ಮನೆಯಲ್ಲಿ ಹಸುಗೂಸು, ಊರಿಂದ ಬಂದ ವಯಸ್ಸಾದ ಅತ್ತೆ ಮಾವ, ಒಬ್ಬಂಟಿ ಹೆಂಗಸು, ಕಾಯಿಲೆಯವರು ಇದ್ದರೆ ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ. ನಿದ್ದೆ ಕೆಟ್ಟಿದ್ದರೆ, ಹೆದರಿಕೆ ಆಗುತ್ತಿದ್ದರೆ ಅದನ್ನೂ ಬರೆಯಿರಿ, ಜಿಪಿಗೂ (ನಿಮ್ಮ ಮಾಮೂಲಿ ಡಾಕ್ಟರಿಗೂ) ಹೇಳಿ. ನಾಚಿಕೆ ಬೇಡ. ಯಾರನ್ನು ಮೊದಲು ನೋಡಬೇಕು ಅಂತ ಆಫೀಸರ್ ತೀರ್ಮಾನಿಸುವುದು ಇದರಿಂದಲೇ. ಅಪರಾಧ ನಡೆದಿದ್ದರೆ ವಿಕ್ಟಿಮ್ ಸಪೋರ್ಟ್ ಎಂಬ ಸಂಸ್ಥೆ ಸುಮ್ನೆ ಕೂತು ಕೇಳಿಸಿಕೊಳ್ಳುತ್ತೆ, ಮುಂದೆ ಏನು ಮಾಡಬಹುದು ಅಂತಲೂ ಹೇಳುತ್ತೆ.

ನಮ್ಮ ಕಡೆಯಿಂದಲೂ ಒಂದು ಮಾತು. ಇಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರ ತನಕ ಪಟಾಕಿ ಹೊಡೆಯುವಂತಿಲ್ಲ. ದೀಪಾವಳಿಯಂಥ ಕೆಲವು ಹಬ್ಬದ ರಾತ್ರಿ ಮಾತ್ರ 1 ಗಂಟೆ ತನಕ ಬಿಟ್ಟಿದ್ದಾರೆ. ಆದರೂ ಎರಡು ದಿನ ಮೊದಲೇ ಪಕ್ಕದವರಿಗೆ ಹೇಳಿ, ಒಂದು ಡಬ್ಬಿ ಸಿಹಿ ಕೊಟ್ಟು ಬನ್ನಿ.

ಮನೆ ಕೊಳ್ಳುವ ಯೋಚನೆ ಇರುವವರಿಗೆ ಕೊನೆಯದಾಗಿ ಒಂದು. ಮಾರುವವರು ತುಂಬಿಕೊಡುವ ಟಿಎ6 ಎಂಬ ಫಾರಂನಲ್ಲಿ ನೆರೆಹೊರೆಯವರೊಂದಿಗೆ ತಕರಾರು ಇದೆಯಾ ಅಂತ ಕೇಳಿರುತ್ತಾರೆ. ಆ ಉತ್ತರವನ್ನು ಸಾಲಿಸಿಟರ್ (ಮನೆಯ ಕಾಗದಪತ್ರ ನೋಡುವ ವಕೀಲರು) ಕೈಯಲ್ಲಿ ಬಿಡದೆ ನೀವೇ ಓದಿ. ಸಹಿ ಹಾಕುವ ಮೊದಲು ಒಂದು ಶನಿವಾರ ರಾತ್ರಿ ಹನ್ನೊಂದರ ಮೇಲೆ ಆ ಬೀದಿಯಲ್ಲಿ ಅರ್ಧ ಗಂಟೆ ನಿಂತು ಬನ್ನಿ.