ಚಹಾ ಗ್ಲಾಸಿನ ಜೋಳ: ನನ್ನ ಅನುಭವ

ಹಳ್ಳಿ ಕಾನ್ವೆಂಟಿನಲ್ಲಿದ್ದು ಸಂಘ ನಡೆಸಿದ ಸಿಸ್ಟರುಗಳಿಗೆಲ್ಲ ಗೊತ್ತು. ಉಳಿತಾಯ ಅಂದರೆ ಹೆಂಗಸರು ಮೊದಲ ತಿಂಗಳು ಬರುತ್ತಾರೆ, ಮೂರನೇ ತಿಂಗಳು ಬರುವುದಿಲ್ಲ. ರಾಯಚೂರು ಸೀಮೆಯ ನಮ್ಮ ಹಳ್ಳಿಯಲ್ಲೂ ಹಾಗೇ ಆಯಿತು. ಅದಕ್ಕೂ ಮುಂಚೆ ಹೊಲಿಗೆ ತರಬೇತಿ ಮಾಡಿ ಸೋತಿದ್ದೆ. ಆರು ಮಷಿನ್, ಹತ್ತಿರ ಹತ್ತಿರ ನಲವತ್ತು ಸಾವಿರ. ಹತ್ತಿ ಬಿಡಿಸುವ ಕಾಲ ಬಂತು, ಹುಡುಗಿಯರೆಲ್ಲ ಹೊಲಕ್ಕೆ ಹೋದರು, ಮಷಿನಿಗೆ ತುಕ್ಕು ಹಿಡಿಯಿತು.

ದುಡ್ಡಿಲ್ಲದವರ ಹತ್ತಿರ ದುಡ್ಡು ಕೇಳಿದ್ದೇ ತಪ್ಪು. ಜೋಳ ಇದೆಯಲ್ಲ! ರೊಟ್ಟಿಗೆ ಜೋಳ ತೆಗೆಯುವಾಗ ಒಂದು ಹಿಡಿ ಪಕ್ಕಕ್ಕಿಡಿ, ಕೂಡಿಸಿಟ್ಟು ಶ್ರಾವಣದಲ್ಲಿ ಇಲ್ಲದವರಿಗೆ ಸಾಲ ಕೊಡೋಣ ಅಂದೆ. "ಹಿಡಿ ಜೋಳದಾಗ ಏನ್ ಆಗ್ತೈತ್ರಿ ಸಿಸ್ಟರ್?" ಅಂದರು. ನಮ್ಮ ಸಿಸ್ಟರುಗಳಿಗೂ ಅನುಮಾನ. 1921ರಲ್ಲಿ ಫಾದರ್ ರೇಮಂಡ್ ಮಸ್ಕರೇನ್ಹಸ್ ಮಂಗಳೂರಿನ ಬೆಂದೂರಿನಲ್ಲಿ ನಮ್ಮ ಬೆಥನಿ ಸಿಸ್ಟರುಗಳ ಸಂಸ್ಥೆ ಶುರು ಮಾಡಿದಾಗಿನಿಂದ ಶಾಲೆಯೇ ನಮ್ಮ ದೊಡ್ಡ ಕೆಲಸ. ಟೀಚರ್ ಆದವಳು ಜೋಳ ಅಳೆಯೋದಾ ಅಂತ ಹಿರಿಯ ಸಿಸ್ಟರ್ ಒಬ್ಬರು ಕೇಳಿದರು. ಶ್ರಾವಣದಲ್ಲಿ ಒಲೆ ಹಚ್ಚದ ಮನೆಯ ಹುಡುಗಿ ಶಾಲೆಗೆ ಹೇಗೆ ಬರುತ್ತಾಳೆ ಸಿಸ್ಟರ್ ಅಂದೆ.

ಮೊದಲ ವಾರವೇ ಜಗಳ. ಒಬ್ಬರ ಹಿಡಿ ದೊಡ್ಡದು, ಇನ್ನೊಬ್ಬರದು ಚಿಕ್ಕದು. ಎಲ್ಲರಿಗೂ ಒಂದೇ ಅಳತೆಯ ಚಹಾ ಗ್ಲಾಸು ಹಂಚಿದೆ, ಜಗಳ ನಿಂತಿತು. ಇಪ್ಪತ್ತೆರಡು ಮನೆ, ದಿನಕ್ಕೊಂದು ಗ್ಲಾಸು. ವಾರಕ್ಕೆ ಹತ್ತು ಕಿಲೋ ದಾಟುತ್ತಿತ್ತು. ಹೆಂಗಸರಿಗೆ ಬಿಡುವು ಸಿಗೋದು ರಾತ್ರಿ ಎಂಟಕ್ಕೆ. ಅದಕ್ಕೇ ಸಂಘದ ಸಭೆ ಇರುವ ಸೋಮವಾರ ನಮ್ಮ ಪ್ರಾರ್ಥನೆ, ಊಟ ಬೇಗ ಮುಗಿಸಲು ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಒಪ್ಪಿದರು.

ಮೊದಲ ವರ್ಷ ಸರಿಯಾಗಿ ಒಣಗಿಸದೆ ಚೀಲ ಕಟ್ಟಿಬಿಟ್ಟೆ. ಬಿಚ್ಚಿದರೆ ಒಳಗೆಲ್ಲ ನುಸಿ. ಕೈ ಹಾಕಿದರೆ ಮೊಣಕೈವರೆಗೆ ಬಿಳಿ ಹಿಟ್ಟು. ಎರಡು ಕ್ವಿಂಟಲ್ ಹೋಯಿತು, ಸುಮಾರು ಐದು ಸಾವಿರ. ಕಾನ್ವೆಂಟಿನ ಮನೆಖರ್ಚಿನಲ್ಲಿ ತುಂಬಿಕೊಟ್ಟೆವು. ಮರುವರ್ಷ ಒಂದು ಚೀಲಕ್ಕೆ ಬೂದಿ, ಒಂದಕ್ಕೆ ಬೇವು, ಒಂದಕ್ಕೆ ಲಕ್ಕಿ ಸೊಪ್ಪು, ಒಂದಕ್ಕೆ ಬೇವು-ಲಕ್ಕಿ ಎರಡೂ ಹಾಕಿ ನೋಡಿದೆ. ಎರಡೂ ಹಾಕಿದ್ದರಲ್ಲೇ ಕಾಳು ಚೆನ್ನಾಗಿ ಉಳಿಯಿತು. ಎಷ್ಟು ಸೊಪ್ಪು, ಯಾವ ಹದಕ್ಕೆ ಒಣಗಿಸಿದ್ದು ಅನ್ನೋದು ಸಂಘದ ಹೆಂಗಸರ ಗುಟ್ಟು. ಬಂದು ಅವರನ್ನೇ ಕೇಳಿ.

ಸಾಹುಕಾರ ಶ್ರಾವಣದಲ್ಲಿ ಒಂದು ಚೀಲ ಕೊಟ್ಟರೆ ಸುಗ್ಗಿಯಲ್ಲಿ ಒಂದೂವರೆ ಚೀಲ ಕೇಳುತ್ತಿದ್ದ. ನಮ್ಮಲ್ಲಿ ಚೀಲದ ಮೇಲೆ ಎರಡು ಸೇರು, ಅಷ್ಟೇ. ಮೂರನೇ ವರ್ಷ ಐದು ಕ್ವಿಂಟಲ್ ಮೇಲೆ ಕೂಡಿತು. ಸಾಲ ಕೊಟ್ಟಿದ್ದರಲ್ಲಿ ಒಂದು ಚೀಲ ಬಿಟ್ಟು ಎಲ್ಲ ವಾಪಸ್ ಬಂತು. ಇಷ್ಟು ವಸೂಲಿ ಯಾವ ಸಂಘದಲ್ಲಿದೆ ಹೇಳಿ! ಆ ಒಂದು ಚೀಲ ಒಯ್ದವಳ ಗಂಡ ತೀರಿಕೊಂಡಿದ್ದ. ಅದನ್ನು ಬಿಟ್ಟುಬಿಡೋಣ ಅಂತ ಹೆಂಗಸರೇ ಸಭೆಯಲ್ಲಿ ತೀರ್ಮಾನ ಮಾಡಿದರು. ನಾನು ಬಾಯಿ ಬಿಡಬೇಕಾಗಲಿಲ್ಲ.