ನಡೆದು ಕರಗಿಸಿದ್ದನ್ನು ಎಷ್ಟು ತಿನ್ನಬೇಕು?

ಎರಡು ತಿಂಗಳಾದರೂ ತೂಕ 78 ಕಿಲೋದಿಂದ ಕದಲಲಿಲ್ಲ. ಕುಕ್ಕರಹಳ್ಳಿ ಕೆರೆಯ ಸುತ್ತ ದಿನವೂ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದೆ. ಕೈಗಡಿಯಾರ 400 ಕ್ಯಾಲೊರಿ ಎಂದು ತೋರಿಸಿದರೆ ಮನೆಗೆ ಬಂದು ಅಷ್ಟನ್ನೂ ತಿನ್ನುತ್ತಿದ್ದೆ: ತುಪ್ಪ ಸವರಿದ ಎರಡು ದೋಸೆ, ಬಟ್ಟಲು ತುಂಬ ಕಾಯಿಚಟ್ನಿ.

ತಪ್ಪಿದ್ದದ್ದು ಲೆಕ್ಕದಲ್ಲಿ. ಸುಮ್ಮನೆ ಕುಳಿತಿದ್ದರೂ ನನ್ನ ದೇಹಕ್ಕೆ ಗಂಟೆಗೆ ಸುಮಾರು 80 ಕ್ಯಾಲೊರಿ ಬೇಕು. ಆ 400ರಲ್ಲಿ ಅದೂ ಸೇರಿತ್ತು. ಸಾಲದ್ದಕ್ಕೆ, ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನಬಹುದೆಂಬ ಮಿತಿ ಹಾಕಿಕೊಳ್ಳುವಾಗಲೇ ನನ್ನ ಚಟುವಟಿಕೆಯನ್ನು ‘ಸಾಧಾರಣ ವ್ಯಾಯಾಮ’ ಎಂದು ನಮೂದಿಸಿದ್ದೆ; ಹಾಗಾಗಿ ನಡಿಗೆಯ ಪಾಲು ಆ ಮಿತಿಯಲ್ಲೇ ಸೇರಿತ್ತು. ಒಂದೇ ನಡಿಗೆಯನ್ನು ಎರಡು ಸಲ ಎಣಿಸಿದಂತಾಗಿತ್ತು.

ಆ ನಮೂದನ್ನು ‘ಕುಳಿತು ಮಾಡುವ ಕೆಲಸ’ ಎಂದು ಬದಲಿಸಿ, ಗಡಿಯಾರದ ಅಂಕಿಯ ಅರ್ಧದಷ್ಟನ್ನು ಮಾತ್ರ ತಿನ್ನತೊಡಗಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ದಿನ ಹಸಿವನ್ನು ಕಟ್ಟಿಹಾಕುವುದಿಲ್ಲ. ಬಾಳೆಹಣ್ಣು, ಮಜ್ಜಿಗೆ, ಹೆಸರುಕಾಳಿನ ಉಸಲಿ ಬೇಕೇ ಬೇಕು. ಹಿಂದೊಮ್ಮೆ ಹಾಗೆಯೇ ಹಸಿದು ಮಲಗಿ, ಮರುದಿನ ಕಾಲೇ ಏಳದಂತಾಗಿತ್ತು. 10 ವಾರಗಳಲ್ಲಿ 3 ಕಿಲೋ ಇಳಿದಿದೆ.